ಬಣ್ಣ ನಂಬಬೇಡಿ, ಕೂದಲು ಎಣಿಸಿ

2021ರ ಕೊನೆಯ ತಿಂಗಳುಗಳಲ್ಲಿ ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಹೊಲಗಳಿಂದ ಒಂದೇ ಬಗೆಯ ದೂರು ಬರತೊಡಗಿತು. ಗಿಡದ ತುಂಬ ಹೂವಿದೆ, ಕಾಯಿ ಕಟ್ಟುತ್ತಿಲ್ಲ. ಹೂ ಬಿಡಿಸಿ ನೋಡಿದರೆ ಒಳಗೆ ಕಪ್ಪು ಹುಳಗಳು ಗಿಜಿಗುಡುತ್ತಿವೆ. ಸ್ವಲ್ಪದರಲ್ಲೇ ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ರೈತರೂ ಅದೇ ಮಾತು ಆಡಿದರು. ಥ್ರಿಪ್ಸ್ ನುಸಿ ಮೆಣಸಿನಕಾಯಿ ಬೆಳೆಗಾರರಿಗೆ ಹೊಸದೇನೂ ಅಲ್ಲ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್ ನುಸಿ ಎಂಬ ಮುಟುರು ರೋಗದ ಮೊದಲ ಪಾಠ ಬ್ಯಾಡಗಿ ಕಡೆಯ ಹುಡುಗರಿಗೂ ಬಾಯಿಪಾಠ. ಆದರೆ ಅವರು ತಲೆಮಾರುಗಳಿಂದ ಕಂಡ ಥ್ರಿಪ್ಸ್ ತಿಳಿಹಳದಿ. ಅದು ಕೂರುತ್ತಿದ್ದುದು ಎಳೆ ಎಲೆಯಲ್ಲಿ. ಈಗ ಬಂದದ್ದು ಕಪ್ಪು, ಕೂತದ್ದು ಹೂವಿನಲ್ಲಿ. ‘ಬ್ಲ್ಯಾಕ್ ಥ್ರಿಪ್ಸ್’ ಎಂಬ ಹೆಸರು ಗೊಬ್ಬರದಂಗಡಿಗಳಲ್ಲಿ ಹುಟ್ಟಿತೋ ಹೊಲದಲ್ಲಿ ಹುಟ್ಟಿತೋ, ಅಂತೂ ಒಂದೇ ಹಂಗಾಮಿನಲ್ಲಿ ಎಲ್ಲರ ಬಾಯಿಗೂ ಬಂತು.

ಕೀಟಶಾಸ್ತ್ರದ ಪುಸ್ತಕದಲ್ಲಿ ಇದರ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. ಆಗ್ನೇಯ ಏಷ್ಯಾದ ಕೀಟ. 1922ರಲ್ಲಿ ಕಾರ್ನಿ ಎಂಬ ಆಸ್ಟ್ರಿಯಾದ ವಿಜ್ಞಾನಿ ವಿವರಿಸಿದ್ದು. ಅದು ಭಾರತಕ್ಕೆ ಕಾಲಿಟ್ಟದ್ದು 2021ರಲ್ಲಿ ಅಲ್ಲ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ಸಂಶೋಧಕರು 2015ರಲ್ಲೇ ಬೆಂಗಳೂರಿನ ಪರಂಗಿ ತೋಟವೊಂದರಿಂದ ಇದನ್ನು ವರದಿ ಮಾಡಿದ್ದರು. ಪರಂಗಿಯಿಂದ ಮೆಣಸಿನಕಾಯಿಗೆ ದಾಟಿ ಊರೂರು ಹಬ್ಬಲು ಕೆಲವು ವರ್ಷ ಹಿಡಿಯಿತು, ಅಷ್ಟೇ. ಗದ್ದಲ ಎದ್ದಾಗ ‘ಇದು ಯಾವ ಹುಳ’ ಎಂಬ ಪ್ರಶ್ನೆಗೆ ಬೇಗ ಉತ್ತರ ಸಿಕ್ಕಿದ್ದು ಯಾರೋ ಕೆಲವರು ಮೊದಲೇ ಸೂಕ್ಷ್ಮದರ್ಶಕದ ಕೆಳಗೆ ಅದರ ಮೈಮೇಲಿನ ಕೂದಲು ಎಣಿಸಿ ಇಟ್ಟಿದ್ದರಿಂದ. ಆ ಗುರುತು ‘ಕಪ್ಪು’ ಎಂಬ ಒಂದು ಮಾತಿನ ಮೇಲೆ ನಿಂತಿರಲಿಲ್ಲ. ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು, ಏಕೆಂದರೆ ಈ ‘ಕಪ್ಪು’ ಥ್ರಿಪ್ಸ್‌ನ ಗಂಡು ಹಳದಿ!

ಥ್ರಿಪ್ಸ್ ವಿಷಯದಲ್ಲಿ ಕಣ್ಣಿಗೆ ಮೊದಲು ಬೀಳುವುದೇ ಅತಿ ಕಡಿಮೆ ನಂಬಬಹುದಾದ ಲಕ್ಷಣ. ಬಣ್ಣ, ಗಾತ್ರ, ಯಾವ ಗಿಡದಲ್ಲಿತ್ತು ಎಂಬುದು ಸುಳಿವು ಕೊಡುತ್ತವೆ, ಸಾಕ್ಷಿ ಹೇಳುವುದಿಲ್ಲ. ಸಾಕ್ಷಿ ಇರುವುದು ಬರಿಗಣ್ಣಿಗೆ ಕಾಣದ ಕೂದಲಿನಲ್ಲಿ, ಕುಡಿಮೀಸೆಯ ತುಂಡುಗಳ ಲೆಕ್ಕದಲ್ಲಿ, ರೆಕ್ಕೆಯ ನರದ ಮೇಲಿನ ಒಂದು ಖಾಲಿ ಜಾಗದಲ್ಲಿ.

ಮೊದಲು ಈ ಪ್ರಾಣಿಯ ಪರಿಚಯ. ಜಗತ್ತಿನಲ್ಲಿ ಈವರೆಗೆ ವಿವರಿಸಿರುವ ಥ್ರಿಪ್ಸ್ ಪ್ರಭೇದಗಳು 6,000ಕ್ಕೂ ಹೆಚ್ಚು; ಭಾರತದಲ್ಲೇ 700ಕ್ಕೂ ಮಿಗಿಲು. ಬಹುಪಾಲು ಒಂದರಿಂದ ಎರಡು ಮಿಲಿಮೀಟರ್ ಉದ್ದದವು. ರೆಕ್ಕೆ ಎಂದರೆ ನಾವು ನೊಣದಲ್ಲೋ ಚಿಟ್ಟೆಯಲ್ಲೋ ಕಾಣುವ ಅಗಲ ಹಾಳೆಯಲ್ಲ. ತೆಳುವಾದ ಒಂದು ಪಟ್ಟಿ, ಅದರ ಎರಡೂ ಅಂಚಿಗೆ ಸೆರಗಿಗೆ ಕುಚ್ಚು ಕಟ್ಟಿದ ಹಾಗೆ ಉದ್ದನೆಯ ಎಳೆಗಳು. ಪಾದದ ತುದಿಯಲ್ಲಿ ಉಬ್ಬಿ ಇಳಿಯುವ ಪುಟ್ಟ ಚೀಲವಿದೆ. ಅದರಿಂದಲೇ ನುಣುಪಾದ ಎಲೆಯನ್ನೂ ಬಿಗಿಹಿಡಿದು ನಡೆಯುತ್ತದೆ. ಎಲ್ಲಕ್ಕಿಂತ ವಿಚಿತ್ರ ಬಾಯಿ. ಎಡಗಡೆಯ ದವಡೆ ಮಾತ್ರ ಬೆಳೆಯುತ್ತದೆ; ಬಲಗಡೆಯದು ಮೊಟ್ಟೆಯೊಳಗಿರುವಾಗಲೇ ಕರಗಿಹೋಗುತ್ತದೆ. ಆ ಒಂಟಿ ದವಡೆಯಿಂದ ಎಲೆಯ ಮೇಲ್ಪದರಕ್ಕೆ ತೂತು ಕೊರೆದು, ಉಳಿದ ಬಾಯಂಗಗಳ ಕೊಳವೆ ಇಳಿಸಿ ಕೋಶದೊಳಗಿನದನ್ನು ಹೀರುತ್ತದೆ. ಖಾಲಿಯಾದ ಕೋಶಗಳಲ್ಲಿ ಗಾಳಿ ತುಂಬಿ ಎಲೆ ಮೊದಲು ಬೆಳ್ಳಗೆ ಮಿಂಚಿ, ಆಮೇಲೆ ಕಂದಾಗುತ್ತದೆ.

ಮೊಟ್ಟೆಯಿಂದ ಬಂದ ಮರಿ ಎರಡು ಹಂತ ತಿಂದು ಬೆಳೆದು, ಬಹಳ ಜಾತಿಗಳಲ್ಲಿ ಮಣ್ಣಿಗೋ ಕಸಕ್ಕೋ ಇಳಿದು, ಏನೂ ತಿನ್ನದ ಎರಡೋ ಮೂರೋ ಹಂತ ಕಳೆದು ರೆಕ್ಕೆಯ ಹುಳವಾಗುತ್ತದೆ. ಗಂಡಿನ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಗಳಿಂದಲೂ ಮರಿ ಬರುತ್ತವೆ. ಒಂದೇ ಹೆಣ್ಣು ಹೊಸ ಊರಿಗೆ ಹೋಗಿ ಬಿದ್ದರೂ ಸಂಸಾರ ಹೂಡಬಲ್ಲದು ಎಂಬುದು ಸಸಿ, ಹೂವು, ಹಣ್ಣಿನ ವ್ಯಾಪಾರ ದೇಶ ದಾಟುವ ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ಗರಗಸವೋ ಕೊಳವೆಯೋ?

ಗುರುತಿಸುವ ದಾರಿಯ ಮೊದಲ ಕವಲು ಹುಳದ ಬಾಲದ ಕಡೆಗಿದೆ. ಎಲ್ಲ ಥ್ರಿಪ್ಸ್‌ಗಳೂ ಎರಡು ದೊಡ್ಡ ಬಣಗಳಲ್ಲಿ ಒಂದಕ್ಕೆ ಸೇರಿದವು. ಒಂದು ಬಣದ ಹೆಣ್ಣಿಗೆ ಹೊಟ್ಟೆಯ ತುದಿಯಲ್ಲಿ ಗರಗಸದ ಹಲ್ಲಿನ ಅಂಗವಿರುತ್ತದೆ. ಅದರಿಂದ ಎಲೆಯನ್ನು ಸೀಳಿ ಮೊಟ್ಟೆಯನ್ನು ಒಳಗೆ ಹುದುಗಿಸುತ್ತದೆ. ಇನ್ನೊಂದು ಬಣದಲ್ಲಿ ಗರಗಸವಿಲ್ಲ; ಹೊಟ್ಟೆಯ ಕೊನೆಯ ಖಂಡವೇ ನೀಳ ಕೊಳವೆಯಾಗಿದೆ, ಮೊಟ್ಟೆ ಎಲೆಯ ಮೇಲೆ ಬಹಿರಂಗವಾಗಿ ಕೂರುತ್ತದೆ. ಮೊದಲಿನದರ ಮುಂರೆಕ್ಕೆಯಲ್ಲಿ ನರಗಳೂ ಮೇಲ್ಮೈ ತುಂಬ ಸೂಕ್ಷ್ಮ ರೋಮಗಳೂ ಇರುತ್ತವೆ. ಎರಡನೆಯದರ ರೆಕ್ಕೆ ನುಣುಪು, ನರವಿಲ್ಲ.

ಈ ಕವಲನ್ನು ನೋಡಲು ದುಬಾರಿ ಉಪಕರಣ ಬೇಡ. ಅಪಾರ್ಟ್‌ಮೆಂಟುಗಳ ಮುಂದೆ, ಪಾರ್ಕುಗಳಲ್ಲಿ ಬೆಳೆಸುವ ಬೆಂಜಮಿನಾ ಫೈಕಸ್ ಗಿಡದಲ್ಲಿ ಎಳೆ ಎಲೆಗಳು ನಡುನರದ ಉದ್ದಕ್ಕೆ ಮಡಿಚಿಕೊಂಡು ಕೆಂಪು ಕಲೆಯಾಗಿದ್ದರೆ ಒಂದನ್ನು ಬಿಡಿಸಿ. ಒಳಗೆ ಬಿಳಿ ಮೊಟ್ಟೆಗಳ ರಾಶಿ, ಹಳದಿ ಮರಿಗಳು, ಹೊಳೆಯುವ ಕಪ್ಪು ದೊಡ್ಡವು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಹಿಡಿದರೆ ಆ ಕಪ್ಪು ಹುಳದ ಹಿಂತುದಿಯಲ್ಲಿ ಕೊಳವೆ ಸ್ಪಷ್ಟ. ಮಲೆನಾಡಿನಲ್ಲಿ ಕಾಳುಮೆಣಸಿನ ಬಳ್ಳಿಯ ಎಲೆಯಂಚು ಸುರುಳಿ ಸುತ್ತಿಕೊಳ್ಳುವುದಕ್ಕೆ ಕಾರಣವಾದ ಲಿಯೋಥ್ರಿಪ್ಸ್ ಕಾರ್ನಿಯೂ ಇದೇ ಬಣದ್ದು. ಆ ಹೆಸರಿನಲ್ಲಿರುವುದು ಮೇಲೆ ಹೇಳಿದ ಕಾರ್ನಿಯೇ.

ಕರಿಮೆಣಸಿನ ಈ ಥ್ರಿಪ್ಸ್ ಕಪ್ಪು, ಮೆಣಸಿನಕಾಯಿಯ ಹೊಸ ಥ್ರಿಪ್ಸ್ ಕಪ್ಪು. ಬಣ್ಣವನ್ನೇ ನೆಚ್ಚಿದವರಿಗೆ ಎರಡೂ ನೆಂಟರು. ಬಾಲ ನೋಡಿದರೆ ಇವೆರಡರ ನಡುವೆ ಉಪಗಣದಷ್ಟು ಅಂತರ: ಪಾರ್ವಿಸ್ಪೈನಸ್‌ಗೆ ಗರಗಸವಿದೆ. ಬೆಳೆಗಳಿಗೆ ಕಾಟ ಕೊಡುವ ಹೆಚ್ಚಿನವು ಗರಗಸದ ಬಣದವೇ. ಏಲಕ್ಕಿ ಕಾಯಿಯ ಸಿಪ್ಪೆಯನ್ನು ಹುರುಕು ಹುರುಕಾಗಿಸಿ ಕೊಡಗು, ಸಕಲೇಶಪುರದ ಬೆಳೆಗಾರರ ಬೆಲೆ ಕೆಡಿಸುವ ಸಯೋಥ್ರಿಪ್ಸ್ ಕಾರ್ಡಮೊಮಿ ಅಲ್ಲಿಯದು. ಭತ್ತದ ಸಸಿಮಡಿಯಲ್ಲಿ ಎಲೆತುದಿಯನ್ನು ಸೂಜಿಯಂತೆ ಸುತ್ತಿಸುವ ಥ್ರಿಪ್ಸ್ ಕೂಡ. ಸಸಿಮಡಿಯಲ್ಲಿ ಅದರ ತನಿಖೆಗೆ ಒಳ್ಳೆಯ ಉಪಾಯವಿದೆ: ಅಂಗೈ ಒದ್ದೆ ಮಾಡಿಕೊಂಡು ಸಸಿಗಳ ಮೇಲೆ ಸವರುವುದು. ಹುಳ ಅಂಗೈಗೆ ಅಂಟಿಕೊಂಡು ಬರುತ್ತದೆ. ಇದೆ, ಇಲ್ಲ ಎಂದು ತಿಳಿಯಲು ಅಷ್ಟು ಸಾಕು. ಯಾವುದು ಎಂದು ತಿಳಿಯಲು ಮಾತ್ರ ಸಾಲದು.

ಗಾಜಿನ ಮೇಲೆ ಒಂದು ಹುಳ

ಪ್ರಯೋಗಾಲಯದಲ್ಲಿ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ತಜ್ಞರ ಉತ್ತರಕ್ಕೆ ಏಕೆ ದಿನಗಟ್ಟಲೆ ಕಾಯಬೇಕೆಂಬುದು ಇಲ್ಲಿದೆ. ಹೊಲದಿಂದ ತಂದ ಹುಳವನ್ನು ಹಾಗೇ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಒಡ್ಡಿದರೆ ಕಾಣುವುದು ಕಂದು ಮುದ್ದೆ. ಒಳಗಿನ ಆಹಾರ, ಕೊಬ್ಬು ಎಲ್ಲ ಸೇರಿ ಬೆಳಕು ಹಾಯುವುದಿಲ್ಲ. ಹಾಗಾಗಿ ಮೊದಲು ಮೈಯ ಒಂದು ಕಡೆ ಬಲು ಸಣ್ಣ ಸೂಜಿಯಿಂದ ಚುಚ್ಚಿ, ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ಒಳಗಿನದನ್ನು ಮೆಲ್ಲಗೆ ಒತ್ತಿ ಹೊರಡಿಸುತ್ತಾರೆ. ಉಳಿಯುವುದು ಹೊರಗಿನ ಚಿಪ್ಪು ಮಾತ್ರ. ಅದನ್ನು ಹಂತ ಹಂತವಾಗಿ ಗಾಢವಾಗುವ ಆಲ್ಕೋಹಾಲಿನಲ್ಲಿ ಅದ್ದಿ ನೀರಿನಂಶ ತೆಗೆದು, ಲವಂಗದೆಣ್ಣೆಯಲ್ಲಿ ಇಳಿಸಿ, ಕೊನೆಗೆ ಕೆನಡಾ ಬಾಲ್ಸಮ್ ಎಂಬ ಅಂಟಿನ ಹನಿಯಲ್ಲಿ ಕೂರಿಸುತ್ತಾರೆ. ಆಗಲೇ ಕಾಲುಗಳನ್ನು ಚಾಚಿಸಿ, ಕುಡಿಮೀಸೆಗಳನ್ನು ನೇರ ಮಾಡಿ, ರೆಕ್ಕೆಗಳನ್ನು ಬದಿಗೆ ಬಿಡಿಸಬೇಕು. ಒಂದು ಮಿಲಿಮೀಟರಿನ ಪ್ರಾಣಿಗೆ! ಬೆಚ್ಚಗಿನ ಓವನ್ನಿನಲ್ಲಿ ಕೆಲವು ವಾರ ಒಣಗಿದರೆ ಸ್ಲೈಡ್ ಸಿದ್ಧ. ಸರಿಯಾಗಿ ಮಾಡಿದ ಸ್ಲೈಡ್ ನೂರು ವರ್ಷದ ಮೇಲೂ ನೋಡಲು ಬರುತ್ತದೆ.

ನಾನೂರು ಪಟ್ಟು ಹಿಗ್ಗಿಸಿದಾಗ ಬೇರೆಯೇ ಲೋಕ. ನೆತ್ತಿಯ ಮೇಲೆ, ಎರಡು ದೊಡ್ಡ ಕಣ್ಣುಗಳ ನಡುವೆ, ಮೂರು ಪುಟ್ಟ ಸರಳಗಣ್ಣುಗಳು ತ್ರಿಕೋನದಲ್ಲಿ ಕೂತಿವೆ. ಆ ತ್ರಿಕೋನದ ಸುತ್ತಮುತ್ತ ಜೊತೆ ಜೊತೆಯಾಗಿ ಕೂದಲು. ಒಂದು ಜೊತೆ ಕೂದಲು ತ್ರಿಕೋನದ ಒಳಗಿದೆಯೋ, ಗೆರೆಯ ಹೊರಗಿದೆಯೋ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಕತ್ತಿನ ಹಿಂದಿನ ಫಲಕದ ಮೂಲೆಗಳಲ್ಲಿ ಉದ್ದ ಕೂದಲು ಎಷ್ಟು? ಎದೆಯ ಹಿಂಭಾಗದ ಫಲಕದಲ್ಲಿ ಗೆರೆಗಳು ಬಲೆಯಾಗಿವೆಯೋ, ಉದ್ದುದ್ದ ಹರಿದಿವೆಯೋ? ಅಲ್ಲೇ ಸೂಜಿಮೊನೆಯ ತೂತಿನಂಥ ಎರಡು ಸಂವೇದನೆಯ ಚುಕ್ಕಿಗಳಿವೆಯೋ ಇಲ್ಲವೋ? ಹೊಟ್ಟೆಯ ಎಂಟನೆಯ ಖಂಡದ ಹಿಂದಂಚಿನಲ್ಲಿ ಸೂಕ್ಷ್ಮ ಹಲ್ಲುಗಳ ಬಾಚಣಿಗೆ ಇದೆಯೋ? ಗುರುತಿಸುವವರು ಕೇಳುವ ಪ್ರಶ್ನೆಗಳು ಇವು. ಬಣ್ಣದ ಪ್ರಶ್ನೆ ಪಟ್ಟಿಯಲ್ಲಿ ಇದೆ, ಆದರೆ ಅದು ಏಕಾಂಗಿಯಾಗಿ ತೀರ್ಪು ಕೊಡುವುದಿಲ್ಲ.

ಒಂದು ಗಿಡ, ಐದು ಹೆಸರು

ಮೆಣಸಿನಕಾಯಿ ಹೊಲವನ್ನೇ ತೆಗೆದುಕೊಳ್ಳೋಣ. ಅಲ್ಲಿ, ಅಕ್ಕಪಕ್ಕದ ಈರುಳ್ಳಿ, ಟೊಮೆಟೊ, ಶೇಂಗಾ ಸಾಲುಗಳಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವ ಐದು ಥ್ರಿಪ್ಸ್‌ಗಳನ್ನು ಬೇರ್ಪಡಿಸುವುದು ಹೇಗೆ?

ಹಳೆಯ ಪರಿಚಯದ ಹಳದಿ ಥ್ರಿಪ್ಸ್ ಎಂದರೆ ಸಿರ್ಟೋಥ್ರಿಪ್ಸ್ ಡಾರ್ಸಾಲಿಸ್. 1919ರಲ್ಲಿ ಅಮೆರಿಕದ ಹುಡ್ ಇದನ್ನು ವಿವರಿಸಿದ್ದು ದಕ್ಷಿಣ ಭಾರತದಿಂದ ಹೋದ ಮಾದರಿಗಳಿಂದ. ಜಗತ್ತಿನ ಹಲವು ದೇಶಗಳು ಈಗ ‘ಚಿಲ್ಲಿ ಥ್ರಿಪ್ಸ್’ ಎಂದು ಹೆದರುವುದು ಇದಕ್ಕೇ. ಕುಡಿಮೀಸೆಗೆ ಎಂಟು ತುಂಡು. ಮೈ ತಿಳಿಹಳದಿ, ಆದರೆ ಹೊಟ್ಟೆಯ ಖಂಡಗಳ ನಡುಬೆನ್ನಿನಲ್ಲಿ ಕಂದು ಮಚ್ಚೆ. ಕತ್ತಿನ ಹಿಂದಿನ ಫಲಕದ ತುಂಬ ಒತ್ತೊತ್ತಾದ ಅಡ್ಡಗೆರೆಗಳು. ಹೊಟ್ಟೆಯ ಪಕ್ಕಗಳಲ್ಲಿ ಸಾಲು ಸಾಲು ಸೂಕ್ಷ್ಮ ರೋಮಗಳು. ಸ್ಲೈಡಿನಲ್ಲಿ ಆ ರೋಮದ ಸಾಲು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಹೊಸಬ ಪಾರ್ವಿಸ್ಪೈನಸ್. ಹೆಣ್ಣಿನ ಹೊಟ್ಟೆ ಕಡುಕಂದು; ತಲೆ, ಎದೆ ಅದಕ್ಕಿಂತ ತಿಳಿ; ಕಾಲು ಹಳದಿ. ಮುಂರೆಕ್ಕೆ ಕಂದು, ಬುಡ ಮಾತ್ರ ಬೆಳ್ಳಗೆ. ರೆಕ್ಕೆ ಮಡಿಚಿ ಕೂತಾಗ ಹೆಗಲ ಬಳಿ ಆ ಬಿಳುಪು ಮಸೂರದಲ್ಲೂ ಕಾಣುತ್ತದೆ. ಕುಡಿಮೀಸೆಗೆ ಏಳೇ ತುಂಡು. ಇದರ ನಿಜವಾದ ಸಹಿ ರೆಕ್ಕೆಯಲ್ಲಿದೆ. ಮುಂರೆಕ್ಕೆಯ ಎರಡೂ ನರಗಳ ಮೇಲೆ ಕೂದಲು ಬುಡದಿಂದ ತುದಿಯವರೆಗೆ ಎಡೆಬಿಡದೆ ಸಾಲಾಗಿ ನಿಂತಿವೆ. ಎಂಟನೆಯ ಖಂಡದಲ್ಲಿ ಬಾಚಣಿಗೆ ಇಲ್ಲ. ಹೊಟ್ಟೆಯಡಿಯ ಮೂರರಿಂದ ಆರನೆಯ ಫಲಕಗಳ ನಡುವೆ ಹೆಚ್ಚುವರಿ ಕೂದಲುಗಳಿವೆ.

ಮೂರನೆಯದು ಥ್ರಿಪ್ಸ್ ಪಾಮಿ. ಕಲ್ಲಂಗಡಿ, ಟೊಮೆಟೊ, ಶೇಂಗಾ ಎಲ್ಲಕ್ಕೂ ಶತ್ರು. ಕಪ್ಪು ಮಚ್ಚೆ ಒಂದೂ ಇಲ್ಲದ ಅಚ್ಚ ಹಳದಿ ಮೈ. ಇದಕ್ಕೂ ಏಳು ತುಂಡಿನ ಕುಡಿಮೀಸೆ. ಆದರೆ ರೆಕ್ಕೆಯ ಮೊದಲ ನರದಲ್ಲಿ ಕೂದಲ ಸಾಲು ಮಧ್ಯೆ ಕಡಿದುಹೋಗಿ, ಖಾಲಿ ಜಾಗ ಬಿಟ್ಟು, ತುದಿಯ ಭಾಗದಲ್ಲಿ ಸಾಮಾನ್ಯವಾಗಿ ಮೂರು ಕೂದಲು. ನೆತ್ತಿಯ ಮೂರನೆಯ ಜೊತೆ ಕೂದಲು ಸರಳಗಣ್ಣುಗಳ ತ್ರಿಕೋನದ ಹೊರಗೆ. ಎದೆಯ ಹಿಂಫಲಕದಲ್ಲಿ ಆ ಎರಡು ಸೂಜಿಮೊನೆಯ ಚುಕ್ಕಿ ಇವೆ. ಬಾಚಣಿಗೆ ಪೂರ್ತಿ ಇದೆ.

ನಾಲ್ಕನೆಯದು ಈರುಳ್ಳಿಯ ಥ್ರಿಪ್ಸ್ ಟಬಾಸಿ. ಪಾಮಿಯ ಜೊತೆ ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇದನ್ನೇ. ಏಳು ತುಂಡು, ಬಾಚಣಿಗೆ ಎರಡರಲ್ಲೂ ಒಂದೇ. ಟಬಾಸಿಯ ಸರಳಗಣ್ಣುಗಳ ಬಣ್ಣ ಬೂದು, ಪಾಮಿಯವು ಕೆಂಪು. ಎದೆಯ ಹಿಂಫಲಕದಲ್ಲಿ ಚುಕ್ಕಿಗಳಿಲ್ಲ. ರೆಕ್ಕೆಯ ಮೊದಲ ನರದ ತುದಿಭಾಗದಲ್ಲಿ ಸಾಮಾನ್ಯವಾಗಿ ನಾಲ್ಕು ಕೂದಲು. ಹೊಟ್ಟೆಯ ಎರಡನೆಯ ಖಂಡದ ಪಕ್ಕದಲ್ಲಿ ಟಬಾಸಿಗೆ ಮೂರು ಕೂದಲು, ಪಾಮಿಗೆ ನಾಲ್ಕು. ರೆಕ್ಕೆಯಲ್ಲಿ ಪಾಮಿಗೆ ಒಂದು ಕಡಿಮೆ, ಹೊಟ್ಟೆಯಲ್ಲಿ ಒಂದು ಹೆಚ್ಚು ಎಂದು ನೆನಪಿಟ್ಟುಕೊಂಡರೆ ಸಾಕು.

ಕೊನೆಯದು ಫ್ರಾಂಕ್ಲಿನಿಯೆಲ್ಲಾ ಶುಲ್ಟ್ಜಿ, ಹೂವುಗಳ ಖಾಯಂ ನಿವಾಸಿ. ರೆಕ್ಕೆ ನೋಡಿದರೆ ಪಾರ್ವಿಸ್ಪೈನಸ್ ಎಂದು ಮೋಸಹೋಗಬೇಕು. ಎರಡೂ ನರಗಳಲ್ಲಿ ಸಾಲು ಅಖಂಡ. ಬಾಚಣಿಗೆಯೂ ಇಲ್ಲ. ಕಡುಬಣ್ಣದ ರೂಪವೂ ಉಂಟು, ಇರುವುದೂ ಹೂವಿನಲ್ಲಿ. ಕುಡಿಮೀಸೆ ಎಣಿಸಿ: ಎಂಟು ತುಂಡು. ಅನುಮಾನ ಉಳಿದರೆ ಕತ್ತಿನ ಹಿಂದಿನ ಫಲಕಕ್ಕೆ ಬನ್ನಿ. ಪಾರ್ವಿಸ್ಪೈನಸ್‌ನಲ್ಲಿ ಉದ್ದ ಕೂದಲು ಹಿಂಬದಿಯ ಮೂಲೆಗಳಲ್ಲಿ ಮಾತ್ರ, ಒಂದೊಂದು ಕಡೆ ಎರಡೆರಡು. ಫ್ರಾಂಕ್ಲಿನಿಯೆಲ್ಲಾದಲ್ಲಿ ಮುಂಬದಿಯ ಅಂಚು, ಮೂಲೆಗಳಲ್ಲೂ ಉದ್ದ ಕೂದಲು ನೆಟ್ಟಗೆ ನಿಂತಿರುತ್ತದೆ. ಕಪ್ಪು ಹುಳ ಹೂವಿನಲ್ಲಿದೆ ಎಂದ ಕೂಡಲೇ ಹೊಸ ಪೀಡೆ ಎಂದು ಕೂಗುವವರು ಒಮ್ಮೆ ಈ ಮುಂಬದಿಯ ಕೂದಲು ನೋಡುವುದು ಒಳ್ಳೆಯದು.

ಒಂದೇ ಲಕ್ಷಣ ಹಿಡಿದು ಯಾರೂ ಹೆಸರು ಹೇಳುವುದಿಲ್ಲ ಎಂಬುದು ಇಷ್ಟರಲ್ಲಿ ಅರ್ಥವಾಗಿರಬೇಕು. ಏಳು ತುಂಡೆಂದರೆ ಪಾರ್ವಿಸ್ಪೈನಸ್, ಪಾಮಿ, ಟಬಾಸಿಗಳು ಸೇರಿದ ‘ಥ್ರಿಪ್ಸ್’ ಎಂಬ ಹೆಸರಿನ ಕುಲ ಎಂದು ನಿಯಮ ಮಾಡಿಕೊಂಡರೆ, ಅದೇ ಕುಲದಲ್ಲಿ ಎಂಟು ತುಂಡಿನವೂ ಸಿಗುತ್ತವೆ. ಹೀಗಾಗಿ ಮೂರ್ನಾಲ್ಕು ಲಕ್ಷಣಗಳು ಒಟ್ಟಿಗೆ ಒಂದೇ ಕಡೆ ಬೆರಳು ತೋರಿಸಬೇಕು.

ಬಣ್ಣದ ಬಗ್ಗೆ ಇನ್ನೂ ಎರಡು ಮಾತು ಬಾಕಿ ಇದೆ. ಟಬಾಸಿಯ ಮರಿಗಳು ಚಳಿಯಲ್ಲಿ ಬೆಳೆದರೆ ದೊಡ್ಡ ಹುಳ ಕಂದಾಗಿ ಹೊರಬರುತ್ತದೆ, ಸೆಕೆಯಲ್ಲಿ ಬೆಳೆದರೆ ಹಳದಿಯಾಗಿ. ಅದೇ ಹೊಲ, ಅದೇ ಪ್ರಭೇದ. ಕಾರ್ತಿಕದಲ್ಲಿ ಒಂದು ಬಣ್ಣ, ಬೇಸಿಗೆಯಲ್ಲಿ ಇನ್ನೊಂದು. ಶುಲ್ಟ್ಜಿಯಲ್ಲಿ ಕಡುಬಣ್ಣದವೂ ತಿಳಿಬಣ್ಣದವೂ ಇವೆ. ಯಾವುದೇ ಪ್ರಭೇದದಲ್ಲಿ ಆಗಷ್ಟೇ ಪೊರೆ ಬಿಟ್ಟು ಬಂದ ಹುಳ ತನ್ನ ನಿಜ ಬಣ್ಣಕ್ಕೆ ತಿರುಗಿರುವುದಿಲ್ಲ. ಮರಿಗಳಂತೂ ಬಹುತೇಕ ಎಲ್ಲವೂ ಹಳದಿ, ಬಿಳಿ. ಹಳದಿ ಮರಿ ತೋರಿಸಿ ‘ಇದು ಯಾವುದು ಹೇಳಿ’ ಎಂದರೆ ಎಷ್ಟು ದೊಡ್ಡ ತಜ್ಞರೂ ಕೈಚೆಲ್ಲುತ್ತಾರೆ; ಗುರುತಿನ ಕೀಲಿಗಳು ಹೆಚ್ಚಾಗಿ ಬೆಳೆದ ಹೆಣ್ಣಿನ ಲಕ್ಷಣಗಳ ಮೇಲೆ ಕಟ್ಟಿದವು.

ತಪ್ಪು ಹೆಸರಿನ ಬೆಲೆ

‘ಯಾವ ಥ್ರಿಪ್ಸ್ ಆದರೇನು, ಎಣ್ಣೆ ಹೊಡೆದರಾಯಿತು’ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಶೇಂಗಾದ ಕಥೆ ಅದಕ್ಕೆ ಉತ್ತರ. ಶೇಂಗಾದ ಕುಡಿ ಒಣಗಿಸುವ ನಂಜುರೋಗ ದಕ್ಷಿಣ ಭಾರತದಲ್ಲಿ ಬೆಳೆ ಕೆಡಿಸುತ್ತಿದ್ದ ಕಾಲ. ಆ ವೈರಸ್ಸನ್ನು ಹರಡುವವು ಫ್ರಾಂಕ್ಲಿನಿಯೆಲ್ಲಾ ಶುಲ್ಟ್ಜಿ ಮತ್ತು ಸಿರ್ಟೋಥ್ರಿಪ್ಸ್ ಡಾರ್ಸಾಲಿಸ್ ಎಂದು 1980ರ ದಶಕದ ಆರಂಭದಲ್ಲಿ ಪ್ರಕಟವಾಯಿತು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸಾಟ್ ಸಂಸ್ಥೆಯಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ನಡೆಯುತ್ತಿತ್ತು. 1990ರ ಹೊತ್ತಿಗೆ ಮಾದರಿಗಳನ್ನು ಮತ್ತೆ ಎಚ್ಚರದಿಂದ ಪರಿಶೀಲಿಸಿದಾಗ ಮುಖ್ಯ ಆರೋಪಿ ಬೇರೆಯೇ ಎಂದು ಗೊತ್ತಾಯಿತು: ಥ್ರಿಪ್ಸ್ ಪಾಮಿ. ಕೆಲ ವರ್ಷಗಳಲ್ಲಿ ವೈರಸ್ಸಿನ ಹೆಸರೂ ಬದಲಾಯಿತು. ಅಮೆರಿಕ, ಯುರೋಪಿನ ಟೊಮೆಟೊ ವೈರಸ್ಸೇ ಇದು ಎಂದುಕೊಂಡಿದ್ದುದು ಪ್ರತ್ಯೇಕ ವೈರಸ್ ಎಂದು ಸಾಬೀತಾಯಿತು. ಹುಳದ ಹೆಸರು ತಪ್ಪಿದಾಗ ಅದು ಯಾವ ಕಳೆಯಲ್ಲಿ ಬದುಕುತ್ತದೆ, ಯಾವಾಗ ಹಾರಿ ಬರುತ್ತದೆ, ಬಿತ್ತನೆ ಎಂದು ಮಾಡಿದರೆ ತಪ್ಪಿಸಿಕೊಳ್ಳಬಹುದು ಎಂಬ ಲೆಕ್ಕವೆಲ್ಲ ಬೇರೆ ಹುಳದ ಲೆಕ್ಕವಾಗಿಬಿಡುತ್ತದೆ.

ವೈರಸ್ ಹರಡುವ ಬಗೆಯೂ ವಿಶಿಷ್ಟ. ಈ ಗುಂಪಿನ ವೈರಸ್ಸನ್ನು ಥ್ರಿಪ್ಸ್ ಗಳಿಸಿಕೊಳ್ಳುವುದು ಮರಿಯಾಗಿದ್ದಾಗ ರೋಗದ ಗಿಡ ತಿಂದರೆ ಮಾತ್ರ. ದೊಡ್ಡದಾದ ಮೇಲೆ ಎಷ್ಟು ಹೀರಿದರೂ ಅದು ಹೊಸದಾಗಿ ವಾಹಕವಾಗುವುದಿಲ್ಲ. ಮರಿಯಲ್ಲಿ ಗಳಿಸಿದ್ದರೆ ಬದುಕಿರುವವರೆಗೆ ಹಂಚುತ್ತಲೇ ಇರುತ್ತದೆ. ಹಾಗಾಗಿ ಹೊಲದ ಬದುವಿನ ಕಳೆಯಲ್ಲಿ ಮರಿ ಮಾಡುವ ಪ್ರಭೇದ ಯಾವುದು ಎಂಬುದು ಪಂಡಿತರ ಹಟವಲ್ಲ, ಬೆಳೆಗಾರರ ಹಣದ ಪ್ರಶ್ನೆ. ಆರು ಸಾವಿರಕ್ಕೂ ಹೆಚ್ಚಿನ ಪ್ರಭೇದಗಳಲ್ಲಿ ಇಂಥ ವೈರಸ್ ಹೊರುವವು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇನ್ನೊಂದು ಮುಖವೂ ಇದೆ. ಎಲ್ಲ ಥ್ರಿಪ್ಸ್ ಪೀಡೆಯಲ್ಲ. ಸ್ಕೋಲೋಥ್ರಿಪ್ಸ್ ಎಂಬುದು ಮೈಟ್ ನುಸಿಗಳನ್ನು ತಿಂದು ಬದುಕುತ್ತದೆ. ತಿಳಿ ರೆಕ್ಕೆಗಳ ಮೇಲೆ ಒಟ್ಟು ಆರು ಕಪ್ಪು ಮಚ್ಚೆ, ಮಸೂರದಲ್ಲೂ ಗುರುತು ಸಿಗುತ್ತದೆ. ಫ್ರಾಂಕ್ಲಿನೋಥ್ರಿಪ್ಸ್ ನೋಡಲು ಇರುವೆ, ಸೊಂಟ ಸಣ್ಣ, ನಡಿಗೆ ಚುರುಕು. ತನ್ನದೇ ಬಳಗದ ಬೇರೆ ಥ್ರಿಪ್ಸ್‌ಗಳನ್ನು ಬೇಟೆಯಾಡುತ್ತದೆ. ವಾರಕ್ಕೊಂದು ಹೊಸ ಕೀಟನಾಶಕ ಬೆರೆಸಿ ಹೊಡೆಯುವಾಗ ಮೊದಲು ಸಾಯುವುದು ಇಂಥವು. ಕಪ್ಪು ಥ್ರಿಪ್ಸ್ ಗದ್ದಲದ ಹಂಗಾಮಿನಲ್ಲಿ ಕೆಲವರು ಮೆಣಸಿನಗಿಡಕ್ಕೆ ಸುರಿದದ್ದನ್ನು ಕಂಡರೆ, ಆ ಖರ್ಚಿನ ಸಣ್ಣ ಪಾಲನ್ನು ಗುರುತಿಸುವ ಕೆಲಸಕ್ಕೆ ಇಟ್ಟಿದ್ದರೂ ಎಷ್ಟೋ ಔಷಧಿ ಉಳಿಯುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಎನ್‌ಎ ಇದ್ದ ಮೇಲೆ ಕೂದಲು ಎಣಿಸುವುದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಜೀನಿನ ಒಂದು ತುಣುಕಿನ ಅಕ್ಷರಸಾಲು ಓದಿ ಪ್ರಭೇದ ಹೇಳುವ ಬಾರ್‌ಕೋಡ್ ವಿಧಾನ ಥ್ರಿಪ್ಸ್‌ಗೆ ಚೆನ್ನಾಗಿ ಒಗ್ಗಿದೆ. ಮರಿಯನ್ನೂ ಮೊಟ್ಟೆಯನ್ನೂ ಗುರುತಿಸಬಲ್ಲದು. ಕೂದಲಿಗೆ ಕಾಣದ್ದನ್ನೂ ಅದು ಕಂಡಿದೆ. ನಮ್ಮ ಹಳದಿ ಡಾರ್ಸಾಲಿಸ್ ಒಂದೇ ಪ್ರಭೇದವಲ್ಲ, ನೋಡಲು ಒಂದೇ ಥರ ಇರುವ ಹಲವು ಪ್ರಭೇದಗಳ ಕೂಟ ಎಂದು 2015ರಲ್ಲಿ ಗೊತ್ತಾದದ್ದು ಡಿಎನ್‌ಎಯಿಂದಲೇ. ಆದರೆ ಅಕ್ಷರಸಾಲಿಗೆ ತನ್ನ ಪಾಡಿಗೆ ಹೆಸರಿಲ್ಲ. ಸರಿಯಾಗಿ ಹೆಸರಿಟ್ಟ ಸ್ಲೈಡಿನ ಹುಳದಿಂದ ತೆಗೆದ ಸಾಲಿನ ಜೊತೆ ಹೋಲಿಸಿದಾಗಲೇ ಅದು ಮಾತಾಡುತ್ತದೆ. ತಪ್ಪು ಹೆಸರಿನ ಹುಳದ ಸಾಲು ಭಂಡಾರಕ್ಕೆ ಸೇರಿದರೆ ಮುಂದೆ ಹೋಲಿಸಿದವರೆಲ್ಲರೂ ಅದೇ ತಪ್ಪನ್ನು ನಕಲು ಮಾಡುತ್ತಾರೆ.

ನಮ್ಮ ದೇಶದಲ್ಲಿ ಈ ಸ್ಲೈಡಿನ ಪರಂಪರೆ ಸಣ್ಣದಲ್ಲ. ಮದರಾಸು ಪ್ರಾಂತ್ಯದ ಕೀಟಶಾಸ್ತ್ರಜ್ಞ ಟಿ.ವಿ. ರಾಮಕೃಷ್ಣ ಅಯ್ಯರ್ ಕಳೆದ ಶತಮಾನದ ಆರಂಭದ ದಶಕಗಳಲ್ಲೇ ಭಾರತದ ಥ್ರಿಪ್ಸ್‌ಗಳನ್ನು ಒಟ್ಟುಗೂಡಿಸಿದರು. ಏಲಕ್ಕಿಯ ಥ್ರಿಪ್ಸ್‌ಗೆ 1935ರಲ್ಲಿ ಹೆಸರಿಟ್ಟವರು ಅವರೇ. ಆಮೇಲೆ ಚೆನ್ನೈನ ಲೊಯೊಲಾ ಕಾಲೇಜಿನ ಟಿ.ಎನ್. ಅನಂತಕೃಷ್ಣನ್ ಜೀವಮಾನವನ್ನೇ ಇದಕ್ಕೆ ಕೊಟ್ಟರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಇಂದು ಥ್ರಿಪ್ಸ್ ಸಂಗ್ರಹವೂ ಗುರುತಿಸಬಲ್ಲವರೂ ಇದ್ದಾರೆ. ಇಂಥವರ ಸಂಖ್ಯೆ ಮಾತ್ರ ದೇಶದಲ್ಲಿ ತೀರಾ ಕಡಿಮೆ. ವರ್ಷಗಟ್ಟಲೆ ಕಣ್ಣು ಪಳಗಿಸಬೇಕಾದ ವಿದ್ಯೆಗೆ ಹೊಸ ಹುಡುಗರು ಬರುವಂತೆ ಕೃಷಿ ವಿಶ್ವವಿದ್ಯಾಲಯಗಳು ಹುದ್ದೆ ತೆರೆಯದಿದ್ದರೆ, ಮುಂದಿನ ಹೊಸ ಪೀಡೆ ಬಂದಾಗ ಹೆಸರು ಹೇಳುವವರಿಗಾಗಿ ಹೊರದೇಶಕ್ಕೆ ಬರೆಯಬೇಕಾದೀತು.

ಬೆಳೆಗಾರರು ಮಾಡಬಹುದಾದದ್ದು ಕಷ್ಟವೇನಲ್ಲ. ಬಿಳಿ ಹಾಳೆಯೋ ತಟ್ಟೆಯೋ ಹಿಡಿದು, ಹೊಲದ ನಾಲ್ಕಾರು ಕಡೆ ಹೂವು, ಎಳೆ ಕುಡಿಗಳನ್ನು ಅದರ ಮೇಲೆ ಕೊಡವಿ. ಬಿದ್ದವು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಓಡತೊಡಗುತ್ತವೆ. ಅಷ್ಟರಲ್ಲಿ ಮಸೂರದಲ್ಲಿ ನೋಡಿದರೆ ಹಳದಿ ಎಷ್ಟು, ಕಪ್ಪು ಎಷ್ಟು, ಎಲೆಯಲ್ಲೋ ಹೂವಿನಲ್ಲೋ ಎಂಬುದು ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ, ಮಸೂರದ ಅಧಿಕಾರ ಅಲ್ಲಿಗೆ ಮುಗಿಯಿತು. ಒದ್ದೆ ಮಾಡಿದ ಸಣ್ಣ ಬ್ರಷ್ಷಿನ ತುದಿಯಿಂದ ಹುಳಗಳನ್ನು ಎತ್ತಿ ಆಲ್ಕೋಹಾಲ್ ಇರುವ ಪುಟ್ಟ ಶೀಶೆಗೆ ಹಾಕಿ. ಶೇ 60ರ ಆಲ್ಕೋಹಾಲ್ ಒಳ್ಳೆಯದು, ತೀರಾ ಗಾಢವಾದದ್ದರಲ್ಲಿ ಹುಳ ಬಿರುಸಾಗಿ ರೆಕ್ಕೆ ಬಿಡಿಸಲು ಬರುವುದಿಲ್ಲ. ಒಂದೆರಡು ಸಾಲದು, ಹತ್ತಿಪ್ಪತ್ತು ದೊಡ್ಡ ಹುಳ ಇರಲಿ, ಕಪ್ಪು, ಹಳದಿ ಎರಡೂ ಇರಲಿ. ಬೆರಳಿಂದ ಹಿಸುಕಿದ್ದು, ಅಂಟು ಹಾಳೆಯಿಂದ ಕಿತ್ತದ್ದು ಕೆಲಸಕ್ಕೆ ಬಾರದು, ಎಣಿಸಬೇಕಾದ ಕೂದಲೇ ಉದುರಿರುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ಅದನ್ನು ತಲುಪಿಸಿ, ಎರಡನೆಯ ಸಲ ಎಣ್ಣೆ ಹೊಡೆಯುವ ಮುಂಚೆ. ಶೀಶೆಯೊಳಗೆ ಒಂದು ಚೀಟಿ ಹಾಕುವುದನ್ನು ಮರೆಯಬೇಡಿ: ಬೆಳೆ ಯಾವುದು, ಗಿಡದ ಯಾವ ಭಾಗ, ಊರು, ತಾರೀಖು. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.